ರಬ್ಬರಿಗೆ ಪಿಷ್ಟ, ಲಿಗ್ನಿನ್ ಬೆರೆಸಿದವರು ಹೇಳಿ: ಬಲ ಬರುವುದು ಹೇಗೆ?

ಪ್ರಶ್ನೆ: ನೈಸರ್ಗಿಕ ರಬ್ಬರಿನಲ್ಲಿ ಬಲಕ್ಕೆ ಹಾಕುವ ಮಸಿಪುಡಿ ಕಾರ್ಬನ್ ಬ್ಲ್ಯಾಕ್ ಸ್ವಲ್ಪ ಕಡಿಮೆ ಮಾಡಿ, ಆ ಜಾಗಕ್ಕೆ ಗಿಡಮೂಲದ ಫಿಲ್ಲರ್ (ತುಂಬುವ ಪುಡಿ) ಹಾಕಬೇಕು ಅಂತಿದ್ದೇನೆ. 100 ಭಾಗ ರಬ್ಬರಿಗೆ 20 ಭಾಗ ಮೆಕ್ಕೆಜೋಳದ ಪಿಷ್ಟದ ಪುಡಿಯನ್ನು ಎರಡು ರೋಲರಿನ ಮಿಲ್‌ನಲ್ಲಿ ಬೆರೆಸಿದೆ. ಹಾಳೆ ತುಂಬ ಬಿಳಿ ಚುಕ್ಕೆ, ಎಳೆದರೆ ಬೇಗ ಹರಿಯುತ್ತದೆ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್‌ನ ಪುಡಿ ಹಾಕಿದರೂ ಅಷ್ಟೇ. ಈ ಕೆಲಸ ಮಾಡಿದವರು ದಾರಿ ಹೇಳಿ.

ಲ್ಯಾಟೆಕ್ಸ್ ಕೆಲಸದವರು: ಮೊದಲು ಒಣ ಪುಡಿ ಹಾಕುವುದನ್ನು ನಿಲ್ಲಿಸಿ. ಮೆಕ್ಕೆಜೋಳದ ಪಿಷ್ಟದ ಕಾಳು ಹೆಚ್ಚುಕಡಿಮೆ 5ರಿಂದ 25 ಮೈಕ್ರಾನ್ ಇರುತ್ತದೆ. ಕಾರ್ಬನ್ ಬ್ಲ್ಯಾಕ್ ಕಣಗಳದ್ದು ನ್ಯಾನೋಮೀಟರ್ ಲೆಕ್ಕ. ಅಷ್ಟು ದಪ್ಪ ಕಾಳು ರಬ್ಬರಿನೊಳಗೆ ಕೂತರೆ ಬಲ ಕೊಡುವುದಿಲ್ಲ, ಬಿರುಕು ಶುರುವಾಗುವ ಜಾಗ ಆಗುತ್ತದೆ. ಮಿಲ್‌ನಲ್ಲಿ ಎಷ್ಟು ಹೊತ್ತು ಓಡಿಸಿದರೂ ಸುಮ್ನೆ ರಬ್ಬರ್ ಸವೆಯುತ್ತದೆ, ಕಾಳು ಒಡೆಯುವುದಿಲ್ಲ.

ರಬ್ಬರ್ ಇನ್ನೂ ಹಾಲಾಗಿದ್ದಾಗಲೇ, ಅಂದರೆ ಲ್ಯಾಟೆಕ್ಸ್ ಆಗಿದ್ದಾಗಲೇ ಬೆರೆಸಿ. ಲಿಗ್ನಿನ್‌ನಿಂದ ಶುರುಮಾಡುವುದು ಒಳ್ಳೆಯದು. ಕ್ರಾಫ್ಟ್ ಲಿಗ್ನಿನ್ (ಕಾಗದದ ತಿರುಳು ಮಾಡುವಾಗ ಸಿಗುವ ಬಗೆ) ಕ್ಷಾರದ ನೀರಿನಲ್ಲಿ ಕರಗುತ್ತದೆ. ಅಮೋನಿಯಾ ಹಾಕಿಟ್ಟ ಲ್ಯಾಟೆಕ್ಸ್ ಕೂಡ ಕ್ಷಾರವೇ, ಹಾಗಾಗಿ ಎರಡೂ ಜಗಳವಿಲ್ಲದೆ ಸೇರುತ್ತವೆ. ಚೆನ್ನಾಗಿ ಕಲಕಿದ ಮೇಲೆ ತೆಳು ಆಮ್ಲವನ್ನು ನಿಧಾನವಾಗಿ ಬಿಡಿ. ರಬ್ಬರೂ ಲಿಗ್ನಿನ್ನೂ ಒಟ್ಟಿಗೆ ಹೆಪ್ಪುಗಟ್ಟಿ ಕಂದು ತುಣುಕುಗಳಾಗಿ ಬೇರ್ಪಡುತ್ತವೆ. ಆಗ ಉಳಿದ ನೀರನ್ನು ನೋಡಿ. ಅದು ತಿಳಿಯಾಗಿದ್ದರೆ ಲಿಗ್ನಿನ್ ರಬ್ಬರಿಗೆ ಹೋಗಿದೆ. ಇನ್ನೂ ಕಂದಾಗಿದ್ದರೆ ಒಂದಷ್ಟು ನೀರಿನಲ್ಲೇ ಉಳಿದಿದೆ ಅಂತ ಅರ್ಥ, ಆಮ್ಲ ಇನ್ನೂ ಸ್ವಲ್ಪ ಬೇಕು. ಈ ನೀರನ್ನು ನೋಡದೆ ಚೆಲ್ಲಬೇಡಿ. ನೀವು ತೂಗಿ ಹಾಕಿದ್ದು ರಬ್ಬರಿನಲ್ಲಿ ಇದೆಯೋ ಇಲ್ಲವೋ ಅಂತ ಅಲ್ಲೇ ಗೊತ್ತಾಗುವುದು.

ತುಣುಕುಗಳನ್ನು ಆಮ್ಲ ಹೋಗುವ ತನಕ ತೊಳೆಯಿರಿ. ಆಮ್ಲ ಉಳಿದರೆ ಸಲ್ಫರ್ ಕ್ಯೂರ್ (ಗಂಧಕದಿಂದ ರಬ್ಬರನ್ನು ಬಿಸಿಯಲ್ಲಿ ಹದಮಾಡುವುದು) ನಿಧಾನವಾಗುತ್ತದೆ. ಒಣಗಿಸುವಾಗ ಹದವಾದ ಶಾಖ ಸಾಕು, ಆದರೆ ಪೂರ್ತಿ ಒಣಗಲೇಬೇಕು. ಒಳಗೆ ತೇವ ಇದ್ದರೆ 150 ಡಿಗ್ರಿಯ ಅಚ್ಚಿನಲ್ಲಿ ಅದು ಆವಿಯಾಗಿ ಹಾಳೆ ತುಂಬ ಗುಳ್ಳೆ ಬರುತ್ತವೆ.

ಪಿಷ್ಟವೇ ಬೇಕಿದ್ದರೆ ನೀರಿನಲ್ಲಿ ಗಂಜಿಯ ಹಾಗೆ ಬೇಯಿಸಿ, ಕಾಳು ಒಡೆದ ಮೇಲೆ ತಣ್ಣಗಾಗಿಸಿ ಲ್ಯಾಟೆಕ್ಸ್‌ಗೆ ಹಾಕಿ.

ನ್ಯಾನೋಸೆಲ್ಯುಲೋಸ್ ಬಳಸುವವರು: ಮೇಲಿನ ಮಾತು ಸೆಲ್ಯುಲೋಸ್‌ಗೆ ಇನ್ನೂ ಜಾಸ್ತಿ ಅನ್ವಯಿಸುತ್ತದೆ. ಅದರ ನ್ಯಾನೋಹರಳು ಸೂಜಿಯಾಕಾರ. ಸಣ್ಣಗೆ ಹರಡಿದರೆ ಒಂದನ್ನೊಂದು ಮುಟ್ಟಿ ಜಾಲ ಕಟ್ಟುತ್ತವೆ, ಅದಕ್ಕೇ ಕೆಲವೇ ಭಾಗ ಹಾಕಿದರೂ ರಬ್ಬರ್ ಗಟ್ಟಿಯಾಗುತ್ತದೆ. ಒಮ್ಮೆ ಒಣಗಿತೋ, ಒಂದಕ್ಕೊಂದು ಅಂಟಿಕೊಂಡು ಮತ್ತೆ ಬಿಡುವುದು ಕಷ್ಟ. ಕೊಳ್ಳುವಾಗಲೇ ನೀರಿನಲ್ಲಿರುವುದನ್ನು ಕೇಳಿ. ಸಿಗಡಿ, ಏಡಿಗಳ ಚಿಪ್ಪಿನಿಂದ ಮಾಡುವ ಕೈಟೋಸಾನ್ ಬೇರೆ ಜಾತಿ. ಅದು ಕರಗುವುದು ಆಮ್ಲದ ನೀರಿನಲ್ಲಿ, ಮೈಮೇಲೆ ಧನ ಆವೇಶ. ಲ್ಯಾಟೆಕ್ಸ್ ಕಣಗಳದ್ದು ಋಣ. ಸುರಿದ ತಕ್ಷಣ ಗಂಟು ಕಟ್ಟುತ್ತದೆ.

ಪರೀಕ್ಷೆ ಮಾಡುವವರು: ಎಳೆತದ ಬಲ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ. ನೈಸರ್ಗಿಕ ರಬ್ಬರ್ ಎಳೆದಾಗ ತಾನೇ ಹರಳುಗಟ್ಟುತ್ತದೆ. ಫಿಲ್ಲರ್ ಇಲ್ಲದೆಯೂ ಚೆನ್ನಾಗಿ ಕ್ಯೂರ್ ಆದ ಹಾಳೆ 20 ಮೆಗಾಪಾಸ್ಕಲ್ ದಾಟುತ್ತದೆ. ಆ ಸಂಖ್ಯೆ ಸ್ವಲ್ಪ ಇಳಿಯಿತು ಅಂತ ಕೆಲಸ ಕೆಟ್ಟಿತು ಅನ್ನಲಾಗದು. 300 ಶೇಕಡಾ ಹಿಗ್ಗಿನ ಮಾಡ್ಯುಲಸ್ (ಅಷ್ಟು ಹಿಗ್ಗಿಸಲು ಬೇಕಾದ ಬಲ), ಹರಿಯುವುದನ್ನು ತಡೆಯುವ ಬಲ, ಸವೆತ, ಇವನ್ನು ನೋಡಿ. ಫಿಲ್ಲರ್‌ನ ಬೆಲೆ ಗೊತ್ತಾಗುವುದು ಅಲ್ಲಿ.

ಇನ್ನೊಂದು, ತೂಕಕ್ಕೆ ತೂಕ ಬದಲಿಸಬೇಡಿ. ಕಾರ್ಬನ್ ಬ್ಲ್ಯಾಕ್ ಸಾಂದ್ರತೆ ಸುಮಾರು 1.8, ಲಿಗ್ನಿನ್‌ದು ಸುಮಾರು 1.3. ಅಷ್ಟೇ ತೂಕ ಹಾಕಿದರೆ ಗಾತ್ರ ಜಾಸ್ತಿ ಆಗಿಬಿಡುತ್ತದೆ, ಹೋಲಿಕೆ ನ್ಯಾಯವಾಗುವುದಿಲ್ಲ. ಲಿಗ್ನಿನ್ ಕ್ಯೂರ್ ಬೇಗ ಮಾಡಿಸುವ ಆಕ್ಸಿಲರೇಟರನ್ನೂ ಹಿಡಿದಿಟ್ಟುಕೊಳ್ಳಬಹುದು. ಹಳೆಯ ಕ್ಯೂರ್ ಸಮಯವನ್ನೇ ನಂಬದೆ ಪ್ರತಿ ಮಿಶ್ರಣವನ್ನೂ ಕ್ಯೂರ್ ಅಳೆಯುವ ರಿಯೋಮೀಟರಿನಲ್ಲಿ ಓಡಿಸಿ.

ಪ್ರಶ್ನೆ ಕೇಳಿದವರು: ಲಿಗ್ನಿನ್ ಕರಗಿಸಿ ಲ್ಯಾಟೆಕ್ಸ್ ದಾರಿ ಹಿಡಿಯುತ್ತೇನೆ. ನನ್ನ ವಸ್ತು ನೀರಿನಲ್ಲಿ ಇರಬೇಕಾದದ್ದು, ಅದಕ್ಕೇನಾದರೂ?

ಪರೀಕ್ಷೆ ಮಾಡುವವರು: ಹಾಗಾದರೆ ಪಿಷ್ಟ ಬೇಡವೇ ಬೇಡ, ಸೆಲ್ಯುಲೋಸ್ ಜಾಲ ಕೂಡ ನೀರು ಕುಡಿದರೆ ಸಡಿಲವಾಗುತ್ತದೆ. ಲಿಗ್ನಿನ್ ಇವಕ್ಕಿಂತ ಕಡಿಮೆ ನೀರು ಹೀರುತ್ತದೆ, ಜೊತೆಗೆ ರಬ್ಬರ್ ಹಳೆಯದಾಗುವುದನ್ನೂ ಸ್ವಲ್ಪ ತಡೆಯುತ್ತದೆ. ಆದರೂ ತುಂಡುಗಳನ್ನು ನೀರಿನಲ್ಲಿ ನೆನೆಸಿ, ತೂಕ ಏರುವುದು ನಿಂತ ಮೇಲೆ ಹಸಿಯಾಗಿಯೇ ಎಳೆದು ನೋಡಿ. ಒಣ ತುಂಡಿನ ಸಂಖ್ಯೆಯನ್ನು ಪಕ್ಕದಲ್ಲೇ ಬರೆದಿಡಿ.