ಸ್ಟಾರ್ಟ್‌ಎಕ್ಸ್ ಕೊಟ್ಟರೆ ಪರದೆ ಕಪ್ಪಾಗಿ ವಾಪಸ್ ಟರ್ಮಿನಲ್‌ಗೇ ಬರುತ್ತಿದೆ

ಕಪ್ಪುಪರದೆ: ತಲೆ ಕೆಟ್ಟುಹೋಗಿದೆ. ಲಿನಕ್ಸ್‌ನಲ್ಲಿ ಲಾಗಿನ್ ಆಗಿ, ಕಿಟಕಿಗಳಿರುವ ಪರದೆ ತೋರಿಸುವ ಎಕ್ಸ್ ಶುರು ಮಾಡೋಕೆ ಸ್ಟಾರ್ಟ್‌ಎಕ್ಸ್ ಅಂತ ಹೊಡೆದರೆ ಪರದೆ ಕಪ್ಪಾಗುತ್ತದೆ, ಒಂದು ಕ್ಷಣ ಮೌಸ್ ಬಾಣ ಕಂಡ ಹಾಗಾಗುತ್ತದೆ, ಆಮೇಲೆ ಮತ್ತೆ ಅದೇ ಟರ್ಮಿನಲ್. ನಿನ್ನೆವರೆಗೂ ಚೆನ್ನಾಗಿತ್ತು. ಏನೂ ಬದಲಾಯಿಸಿಲ್ಲ. ಯಾರಾದರೂ ಹೇಳಿ, ಪ್ಲೀಸ್.

ಡ್ರೈವರ್‌ದೊರೆ: ಎನ್ವಿಡಿಯಾ. ಆ ಗ್ರಾಫಿಕ್ಸ್ ಕಾರ್ಡ್‌ದೇ ತೊಂದರೆ, ಕಣ್ಣು ಮುಚ್ಚಿಕೊಂಡು ಹೇಳಬಹುದು. ಲಿನಕ್ಸ್‌ನ ತಿರುಳು, ಅಂದರೆ ಕರ್ನಲ್, ಅಪ್‌ಡೇಟ್ ಆಗಿರುತ್ತದೆ, ಡ್ರೈವರ್ ಮಾಡ್ಯೂಲ್ ಹಳೇ ಕರ್ನಲ್‌ದೇ ಇರುತ್ತದೆ. ಹೊಸ ಕರ್ನಲ್‌ಗೆ ತಕ್ಕಂತೆ ಮಾಡ್ಯೂಲ್ ಕಟ್ಟಿಕೊಡುವ ಡಿಕೆಎಂಎಸ್ ಪ್ಯಾಕೇಜ್ ಹಾಕಿ ರೀಬೂಟ್ ಮಾಡಿ.

ಹಳೇಡಬ್ಬ: ಯಾವ ಡಿಸ್ಟ್ರೋ, ಅಂದರೆ ಯಾವ ಬಗೆಯ ಲಿನಕ್ಸ್? ಕಿಟಕಿಗಳನ್ನು ಜೋಡಿಸೋಕೆ ಯಾವ ವಿಂಡೋ ಮ್ಯಾನೇಜರ್? ಎಕ್ಸ್ ಸರ್ವರ್ ಬರೆದಿಡುವ ಎಕ್ಸ್‌ಆರ್ಗ್ ಲಾಗ್‌ನ ಕೊನೇ ಸಾಲು ಏನಿದೆ?

ಕಪ್ಪುಪರದೆ: ಆರ್ಚ್, ಐ3. ಇದನ್ನೂ ಹೇಳಬೇಕಾ? ಡಿಕೆಎಂಎಸ್ ಹಾಕಿದೆ, ಅದೇ ಕಥೆ.

ಡ್ರೈವರ್‌ದೊರೆ: ಎನ್ವಿಡಿಯಾ ಕಾರ್ಡ್‌ನ ಓಪನ್‌ಸೋರ್ಸ್ ಡ್ರೈವರ್ ನುವೋ ಲೋಡ್ ಆಗದಂತೆ ಬ್ಲಾಕ್‌ಲಿಸ್ಟ್ ಮಾಡಿದ್ದೀರಾ?

ಕಪ್ಪುಪರದೆ: ನನ್ನದರಲ್ಲಿ ಎನ್ವಿಡಿಯಾ ಇಲ್ಲವೇ ಇಲ್ಲ. ಇಂಟೆಲ್ ಗ್ರಾಫಿಕ್ಸ್.

ಡ್ರೈವರ್‌ದೊರೆ: ಮೊದಲೇ ಹೇಳಬಾರದಿತ್ತಾ? ಹಾಗಾದರೆ ಹಳೇ ಇಂಟೆಲ್ ಡ್ರೈವರ್ ಪ್ಯಾಕೇಜ್ ತೆಗೆದುಹಾಕಿ. ಎಕ್ಸ್ ಜೊತೆಗೇ ಬರುವ ಮೋಡ್‌ಸೆಟ್ಟಿಂಗ್ ಡ್ರೈವರ್ ಸಾಕು. ಡ್ರೈವರ್ ಸಮಸ್ಯೆ ಅನ್ನೋದರಲ್ಲಿ ಡೌಟೇ ಇಲ್ಲ.

ಟೈಲಿಂಗ್‌ಪ್ರಿಯ: 1987ರ ಎಕ್ಸ್11 ಜೊತೆ ಇನ್ನೂ ಯಾಕೆ ಗುದ್ದಾಡುತ್ತೀರಿ? ಐ3 ತರಹದ್ದೇ ಆದರೂ ಎಕ್ಸ್ ಸರ್ವರ್ ಮೇಲೆ ನಿಲ್ಲದ ಸ್ವೇ ಹಾಕಿ. ಟಿಟಿವೈನಲ್ಲಿ, ಅಂದರೆ ಅದೇ ಟರ್ಮಿನಲ್‌ನಲ್ಲಿ, ಸ್ವೇ ಅಂತ ಟೈಪ್ ಮಾಡಿದರೆ ಮುಗಿಯಿತು. ನಾನು ಹಳೇ ಥಿಂಕ್‌ಪ್ಯಾಡ್‌ಗೆ ಎರಡು ಮಾನಿಟರ್ ಹಾಕಿದ್ದೇನೆ, ಒಂದು ಉದ್ದುದ್ದ ನಿಲ್ಲಿಸಿ. ಬೆಣ್ಣೆ ಹಾಗೆ ಓಡುತ್ತದೆ.

ಹಳೇಡಬ್ಬ: ಅವರು ಕೇಳಿದ್ದು ಅದಲ್ಲ. ಮನೆ ಸೋರುತ್ತದೆ ಅಂದರೆ ಬೇರೆ ಮನೆ ಕಟ್ಟು ಅಂತೀರಲ್ಲ.

ಟೈಲಿಂಗ್‌ಪ್ರಿಯ: ಸೋರುವ ಮನೆಗೆ ಎಷ್ಟು ಅಂತ ತೇಪೆ ಹಾಕುತ್ತೀರಿ ಸ್ವಾಮಿ.

ಹಳೇಡಬ್ಬ: ಕಪ್ಪುಪರದೆ ಅವರೇ, ಸ್ಟಾರ್ಟ್‌ಎಕ್ಸ್ ಆದ ಮೇಲೆ ಒಂದು ಸ್ಪೇಸ್ ಬಿಟ್ಟು ಎಕ್ಸ್‌ಟರ್ಮ್ ಅನ್ನೋ ಟರ್ಮಿನಲ್ ಪ್ರೋಗ್ರಾಂನ ಪೂರ್ತಿ ಪಾತ್ ಕೊಟ್ಟು ನೋಡಿ. ಸ್ಲ್ಯಾಶ್‌ನಿಂದಲೇ ಶುರುವಾಗಬೇಕು, ಬರೀ ಹೆಸರು ಕೊಟ್ಟರೆ ಆಗಲ್ಲ.

ಕಪ್ಪುಪರದೆ: ಎಕ್ಸ್‌ಟರ್ಮ್ ಬಂತು! ಮೂಲೆಯಲ್ಲಿ ಬಿಳಿ ಚೌಕ, ಚೌಕಟ್ಟೂ ಇಲ್ಲ. ಲಾಗ್‌ನ ಕೊನೆಯಲ್ಲಿ 'ಸರ್ವರ್ ಟರ್ಮಿನೇಟೆಡ್ ಸಕ್ಸೆಸ್‌ಫುಲಿ' ಅಂತಿದೆ. ಸಕ್ಸೆಸ್ ಅಂತೆ, ಕರ್ಮ.

ಹಳೇಡಬ್ಬ: ಅಂದರೆ ಎಕ್ಸ್ ಕೆಟ್ಟಿಲ್ಲ, ಡ್ರೈವರ್ ಕೂಡ ಕೆಟ್ಟಿಲ್ಲ. ಕೆಲಸ ಮುಗಿಯಿತು ಅಂದುಕೊಂಡು ತಾನೇ ಬಾಗಿಲು ಹಾಕಿಕೊಂಡಿದೆ. ಸ್ಟಾರ್ಟ್‌ಎಕ್ಸ್ ಓಡಿಸುವ ಸ್ಕ್ರಿಪ್ಟ್, ಎಕ್ಸ್‌ಇನಿಟ್‌ಆರ್‌ಸಿ ಫೈಲ್, ಪೂರ್ತಿ ಇಲ್ಲಿ ಹಾಕಿ.

ಕಪ್ಪುಪರದೆ:
ಐ3 &
ಐಬಸ್-ಡೀಮನ್ -ಡಿಆರ್‌ಎಕ್ಸ್

ಎರಡನೇದು ಕನ್ನಡ ಟೈಪ್ ಮಾಡೋಕೆ. ಮೊದಲು ಐಬಸ್ ಸಾಲನ್ನು 'ಎಕ್ಸೆಕ್ ಐ3' ಸಾಲಿನ ಕೆಳಗೆ ಹಾಕಿದ್ದೆ, ಐಬಸ್ ಶುರುವೇ ಆಗಲಿಲ್ಲ. ಅದಕ್ಕೆ ಎಕ್ಸೆಕ್ ತೆಗೆದು & ಹಾಕಿದೆ. ಇದಕ್ಕೂ ಎಕ್ಸ್‌ಗೂ ಏನು ಸಂಬಂಧ?

ಹಳೇಡಬ್ಬ: ಅದೇ ಸಂಬಂಧ. ಈ ಸ್ಕ್ರಿಪ್ಟ್ ಮುಗಿದ ತಕ್ಷಣ, ಸ್ಟಾರ್ಟ್‌ಎಕ್ಸ್ ಬಳಸುವ ಎಕ್ಸ್‌ಇನಿಟ್ ಪ್ರೋಗ್ರಾಂ ಎಕ್ಸ್ ಸರ್ವರನ್ನೂ ನಿಲ್ಲಿಸುತ್ತದೆ. & ಹಾಕಿದರೆ ಐ3 ಹಿನ್ನೆಲೆಗೆ ಹೋಗುತ್ತದೆ, ಸ್ಕ್ರಿಪ್ಟ್ ಕಾಯಲ್ಲ. ಐಬಸ್‌ಗೆ ಡಿ ಕೊಟ್ಟರೆ ಅದೂ ಹಿನ್ನೆಲೆಗೆ. ಫೈಲ್ ಮುಗಿಯಿತು, ಎಲ್ಲಾ ಬಂದ್. ಇನ್ನು ಎಕ್ಸೆಕ್ ಕೊಟ್ಟರೆ ಸ್ಕ್ರಿಪ್ಟ್ ಓದುತ್ತಿದ್ದ ಶೆಲ್ ಜಾಗಕ್ಕೇ ಐ3 ಬಂದು ಕೂರುತ್ತದೆ. ಅದರ ಕೆಳಗಿನ ಸಾಲನ್ನು ಯಾರೂ ಓದಲ್ಲ. ಐಬಸ್ ಮೇಲೆ, 'ಎಕ್ಸೆಕ್ ಐ3' ಕಟ್ಟಕಡೆಗೆ. ಐಬಸ್ ಬಳಸಿ ಅಂತ ಪ್ರೋಗ್ರಾಂಗಳಿಗೆ ಹೇಳುವ ಜಿಟಿಕೆ, ಕ್ಯೂಟಿ ಎರಡರ ಐಎಂ ಮಾಡ್ಯೂಲ್ ವೇರಿಯಬಲ್‌ಗಳನ್ನೂ ಎಕ್ಸ್‌ಮಾಡಿಫೈಯರ್ಸನ್ನೂ ಅವೆರಡಕ್ಕಿಂತ ಮೊದಲೇ ಎಕ್ಸ್‌ಪೋರ್ಟ್ ಮಾಡಿ. ಇಲ್ಲದಿದ್ದರೆ ಕೆಲವು ಕಡೆ ಕನ್ನಡ ಬರುತ್ತದೆ, ಕೆಲವು ಕಡೆ ಇಲ್ಲ.

ಕಪ್ಪುಪರದೆ: ಬಂತು!! ಐ3 ಬಂತು, ಕೆಜಿಪಿ ಕೀಲಿಮಣೆ ವಿನ್ಯಾಸದಲ್ಲಿ ಕನ್ನಡವೂ ಬಂತು. ಈ ಸಾಲು ಫೈರ್‌ಫಾಕ್ಸ್‌ನಲ್ಲೇ ಬರೆಯುತ್ತಿದ್ದೇನೆ. ಥ್ಯಾಂಕ್ಸ್ ಸಾರ್.

ಟೈಲಿಂಗ್‌ಪ್ರಿಯ: ಸ್ವೇನಲ್ಲಿ ಈ ಫೈಲೇ ಬೇಕಿಲ್ಲ. ಸುಮ್ನೆ ಹೇಳಿದೆ.

ಹೊಸಬ: ನನಗೂ ಸೇಮ್ ಪ್ರಾಬ್ಲಂ. 'ನೋ ಸ್ಕ್ರೀನ್ಸ್ ಫೌಂಡ್' ಅಂತ ಬರುತ್ತಿದೆ. ಎಕ್ಸೆಕ್ ಹಾಕಿದರೂ ಆಗುತ್ತಿಲ್ಲ.

ಹಳೇಡಬ್ಬ: ಸೇಮ್ ಅಲ್ಲ. ನಿಮ್ಮದರಲ್ಲಿ ಸರ್ವರ್ ಏಳುತ್ತಲೇ ಇಲ್ಲ. ಇನ್‌ಸ್ಟಾಲ್ ಮಾಡುವಾಗ ಬೂಟ್‌ನ ಕರ್ನಲ್ ಸಾಲಿಗೆ, ಗ್ರಾಫಿಕ್ಸ್ ಡ್ರೈವರನ್ನು ತಡೆಯುವ ನೋಮೋಡ್‌ಸೆಟ್ ಸೇರಿಸಿದ್ದು ಹಾಗೇ ಉಳಿದಿದೆಯಾ ನೋಡಿ. ಬೇರೆ ಥ್ರೆಡ್ ಶುರು ಮಾಡಿ, ಲಾಗ್‌ನಲ್ಲಿ ಇಇ ಅಂತಿರುವ ಎರರ್ ಸಾಲುಗಳನ್ನು ಹಾಕಿ.

ಡ್ರೈವರ್‌ದೊರೆ: ಯಾವ ಕಾರ್ಡ್?

ಹೊಸಬ: ಎನ್ವಿಡಿಯಾ.

ಡ್ರೈವರ್‌ದೊರೆ: ಬನ್ನಿ, ಆ ಥ್ರೆಡ್‌ನಲ್ಲಿ ಸಿಗುತ್ತೇನೆ.