ಭಾವ ಕಳಿಸಿದ ಲಿಂಕ್ ಮತ್ತು ನಮ್ಮ ಮನೆ ಗುಂಪಿನ ಚರ್ಚೆ

ಭಾವ: ನನ್ನ ಗೆಳೆಯರು ಸೇರಿ ಮಾಡಿರುವ ವೆಬ್‌ಸೈಟ್ ಇದು, ಮುಂದಿನ ತಿಂಗಳು ಶುರುವಾಗುತ್ತದೆ. ದುಡ್ಡು ಕೊಡುವವರು, ಬಿಡುವಿನಲ್ಲಿ ಕೆಲಸ ಮಾಡಿಕೊಡುವವರು, ಸಹಾಯ ಬೇಕಾದ ಸಂಸ್ಥೆಗಳು ಎಲ್ಲರೂ ಒಂದೇ ಕಡೆ ಸಿಗುತ್ತಾರೆ. ಎಲ್ಲರೂ ಹೆಸರು ಕೊಡಿ, ಬೇರೆ ಗುಂಪುಗಳಿಗೂ ಕಳಿಸಿ.

ಚಿಕ್ಕಮ್ಮ: ಒಳ್ಳೆ ಕೆಲಸ. ನಾನು ಹೆಸರು ಕೊಟ್ಟೆ 🙏

ನಾನು: ಭಾವ, ಪೂರ್ತಿ ನೋಡಿದೆ. ತೆರೆದ ತಕ್ಷಣ 'ದಾನ ಮಾಡಿ', 'ಸ್ವಯಂಸೇವಕರಾಗಿ' ಅಂತ ಎರಡು ದೊಡ್ಡ ಬಟನ್. ಸಂಸ್ಥೆಯವರು ತಮಗೆ ಏನು ಬೇಕು ಅಂತ ಬರೆಯೋ ಜಾಗ ಮಾತ್ರ ಪುಟದ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿದೆ. ಇದು ತಿರುಗಾಮುರುಗಾ ಆಗಿದೆ ಅನ್ನಿಸುತ್ತದೆ.

ಭಾವ: ಮೊದಲು ಜನ ಸೇರಲಿ, ಆಮೇಲೆ ಸಂಸ್ಥೆಗಳು ತಾವೇ ಬರುತ್ತವೆ.

ನಾನು: ಜನ ಬರುತ್ತಾರೆ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಸಣ್ಣ ಸಂಸ್ಥೆಯಲ್ಲಿ ಲೆಕ್ಕ ಬರೆಯುವವರು, ಫೋನ್ ಎತ್ತುವವರು, ಮಕ್ಕಳನ್ನು ನೋಡಿಕೊಳ್ಳುವವರು ಎಲ್ಲಾ ಒಬ್ಬರೇ ಆಗಿರುತ್ತಾರೆ, ಅವರಿಗೆ ಒಂದೇ ದಿನ ರಾಶಿ ಸಂದೇಶ ಬಂದರೆ ಯಾರಿಗೆ ಅಂತ ಉತ್ತರ ಕೊಡಬೇಕು? 'ನಾನು ಬರುತ್ತೇನೆ' ಅಂದವರಿಗೆ ಉತ್ತರ ಬರದಿದ್ದರೆ ಅವರು ಇನ್ನೊಂದು ಸಲ ಕೇಳುವುದಿಲ್ಲ.

ತಂಗಿ: ಅಣ್ಣ ಹೇಳೋದು ಸರಿ. ಜಾಸ್ತಿ ಜನ ಒಂದು ದಿನ ಹೋಗಿ ಮಕ್ಕಳ ಜೊತೆ ಆಡಿ, ಫೋಟೋ ತೆಗೆದುಕೊಂಡು ಬರ್ತಾರೆ. ಅಲ್ಲಿ ಬೇಕಾಗಿರೋದು ವಾರಕ್ಕೆ ಎರಡು ಗಂಟೆ ಲೆಕ್ಕ ನೋಡಿಕೊಡುವವರು. ಮತ್ತೆ ಮಕ್ಕಳ ಹತ್ತಿರ ಯಾರನ್ನೋ ಸುಮ್ನೆ ಬಿಡೋಕಾಗುತ್ತಾ? ವಿಚಾರಿಸಬೇಕಲ್ವಾ?

ಚಿಕ್ಕಪ್ಪ: ಅದೆಲ್ಲ ಇರಲಿ. ನನ್ನ ದುಡ್ಡಿನಲ್ಲಿ ಆಫೀಸ್ ಖರ್ಚಿಗೆ ಎಷ್ಟು ಹೋಗುತ್ತದೆ? ಅದು ಶೂನ್ಯ ಅಂತ ಬರೆದರೆ ಮಾತ್ರ ಕೊಡುತ್ತೇನೆ.

ನಾನು: ಚಿಕ್ಕಪ್ಪ, ಇದನ್ನು ನಾನು ಒಪ್ಪಲ್ಲ. ಫೋನ್ ಎತ್ತುವವರಿಗೂ ಸಂಬಳ ಬೇಕು. ದಾನದ ಸಂಸ್ಥೆಗಳನ್ನು ತೂಗಿ ನೋಡುವ ಅಮೆರಿಕದ ಚಾರಿಟಿ ನ್ಯಾವಿಗೇಟರ್, ಗೈಡ್‌ಸ್ಟಾರ್ ಥರದವರೇ 2013ರಲ್ಲಿ ದಾನಿಗಳಿಗೆ ಬಹಿರಂಗ ಪತ್ರ ಬರೆದು, ಬರೀ ಆಡಳಿತದ ಖರ್ಚು ನೋಡಿ ಅಳೆಯಬೇಡಿ, ಏನು ಕೆಲಸ ಆಗಿದೆ ನೋಡಿ ಅಂದರು.

ಚಿಕ್ಕಪ್ಪ: ಮೋಸ ಮಾಡುವವರೂ ಇದನ್ನೇ ಹೇಳುತ್ತಾರಪ್ಪ.

ನಾನು: ಹೇಳುತ್ತಾರೆ, ನಿಜ. ಅದಕ್ಕೇ ದುಡ್ಡಿನ ದಾರಿ ಕಾಣಬೇಕು. ಶಾಲೆಗಳಿಗೆ ಬೇಕಾದ ಸಾಮಾನಿಗೆ ದಾನ ಸೇರಿಸುವ ಅಮೆರಿಕದ ವೆಬ್‌ಸೈಟ್ ಡೋನರ್ಸ್‌ಚೂಸ್ ನೋಡಿ, 2000ದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನ ಒಬ್ಬ ಮೇಷ್ಟ್ರು, ಚಾರ್ಲ್ಸ್ ಬೆಸ್ಟ್, ಶುರು ಮಾಡಿದ್ದು. ತರಗತಿಗೆ ಇಂಥ ಪುಸ್ತಕ, ಇಷ್ಟು ಪ್ರತಿ ಬೇಕು ಅಂತ ಮೇಷ್ಟ್ರುಗಳು ಬರೆಯುತ್ತಾರೆ. ದುಡ್ಡು ಅವರ ಕೈಗೆ ಹೋಗುವುದಿಲ್ಲ, ಸಂಸ್ಥೆಯೇ ಸಾಮಾನು ಕೊಂಡು ಶಾಲೆಗೆ ಕಳಿಸುತ್ತದೆ. ಶುರುವಾಗಿದ್ದೇ ಬೇಕಾದವರ ಕಡೆಯಿಂದ, ಭಾವ.

ಭಾವ: ಬಡವರಿಗೆ ವೆಬ್‌ಸೈಟ್ ಮೂಲಕ ಜನರಿಂದ ಸಣ್ಣ ಸಾಲ ಕೊಡಿಸುವ ಕೀವಾದವರು ದುಡ್ಡು ಕೊಡುವವರಿಗೆ ಒಬ್ಬೊಬ್ಬರ ಫೋಟೋ, ಕತೆ ತೋರಿಸಿಯೇ ಬೆಳೆದರಲ್ಲ?

ನಾನು: ಹೌದು, 2005ರಿಂದ. ಆದರೆ ನಾವು ಫೋಟೋ ನೋಡಿ ಸಾಲ ಕೊಡುವ ಹೊತ್ತಿಗೆ ಕೀವಾ ಜೊತೆ ಸೇರಿ ಸಾಲ ಹಂಚುವ ಆ ಊರಿನ ಸಂಸ್ಥೆ ಆ ವ್ಯಕ್ತಿಗೆ ಎಷ್ಟೋ ಸಲ ಆಗಲೇ ಸಾಲ ಕೊಟ್ಟಾಗಿರುತ್ತದೆ ಅನ್ನುವುದು 2009ರಲ್ಲಿ ದೊಡ್ಡ ಚರ್ಚೆಯಾಯಿತು. ಅದರಲ್ಲಿ ಮೋಸ ಇರಲಿಲ್ಲ, ದುಡ್ಡು ಆ ಸಂಸ್ಥೆಗೇ ಹೋಗುತ್ತಿತ್ತು. ಆದರೂ ಕೊಟ್ಟವರಿಗೆ ಬೇಸರವಾಯಿತು, ಕೀವಾದವರು ಸೈಟಿನ ಮಾತನ್ನು ತಿದ್ದಬೇಕಾಯಿತು. ದುಡ್ಡು ಯಾರಿಗೆ, ಹೇಗೆ ಹೋಗುತ್ತದೆ ಅಂತ ನಿಮ್ಮವರು ಮೊದಲ ದಿನವೇ ಬಿಡಿಸಿ ಬರೆಯಲಿ.

ಭಾವ: ಹಾಗಾದರೆ ಏನು ಮಾಡು ಅಂತೀಯ? ದಿನಾಂಕ ಎಲ್ಲರಿಗೂ ಹೇಳಿಯಾಗಿದೆ.

ನಾನು: ದಿನಾಂಕ ಬದಲಿಸಬೇಡಿ, ಸಂಸ್ಥೆಗಳು ಮಾತ್ರ ಕಡಿಮೆ ಇರಲಿ. ಹೋಗಿ ನೋಡಿ ಬಂದಿರುವ ಕೆಲವನ್ನೇ ಹಾಕಿ. ಯಾವ ಕೆಲಸ, ವಾರಕ್ಕೆ ಎಷ್ಟು ಗಂಟೆ, ಎಷ್ಟು ಜನ, ಉತ್ತರ ಕೊಡುವವರು ಯಾರು ಅಂತ ತುಂಬಿಸದೆ ಯಾವ ಕೋರಿಕೆಯೂ ಪ್ರಕಟವಾಗದ ಹಾಗೆ ಮಾಡಿ. ಬೇಕಾದಷ್ಟು ಜನ ಸಿಕ್ಕ ಕೂಡಲೇ ಅದು ಮುಚ್ಚಬೇಕು. ಇಲ್ಲದಿದ್ದರೆ ತಿಂಗಳುಗಟ್ಟಲೆ ಹಳೇ ಕೋರಿಕೆಗೆ ಜನ ಬರೆಯುತ್ತಲೇ ಇರುತ್ತಾರೆ.

ಭಾವ: ಕೋರಿಕೆ ಮುಚ್ಚುವ ವ್ಯವಸ್ಥೆ ಇಲ್ಲವೇ ಇಲ್ಲ. ಇವತ್ತೇ ಹೇಳುತ್ತೇನೆ. ಸಂಸ್ಥೆ ಕಡಿಮೆ ಮಾಡೋದಕ್ಕೆ ಅವರು ಒಪ್ಪುವುದು ಕಷ್ಟ.

ಚಿಕ್ಕಪ್ಪ: ಖರ್ಚಿನ ಲೆಕ್ಕವನ್ನೂ ಹಾಕೋಕೆ ಹೇಳಿ. ನಾನು ಅದನ್ನು ನೋಡಿಯೇ ಕೊಡುವುದು.

ನಾನು: ಹಾಕಲಿ ಚಿಕ್ಕಪ್ಪ, ಪಕ್ಕದಲ್ಲೇ ಏನು ಕೆಲಸ ಆಯಿತು ಅನ್ನೋದೂ ಇರಲಿ.