ಮಿಷಿಗನ್ ಅಂದ್ರೆ ಅದರ ಲೈನ್, ಒಪ್ತೀರಾ?

ಬಿಗ್‌ಹೌಸ್_ಕನ್ನಡಿಗ:
ಅಮೆರಿಕದ ಕಾಲೇಜ್ ಫುಟ್‌ಬಾಲ್ ನೋಡುವವರೆಲ್ಲ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಬಗ್ಗೆ ಮಾತಾಡ್ತಾರೆ. ಅವನ ಮುಂದೆ ನಿಲ್ಲುವ ಐದು ಜನರ ಹೆಸರು ಎಷ್ಟು ಜನಕ್ಕೆ ಗೊತ್ತು? 2021ರಿಂದ 2023ರ ಮಿಷಿಗನ್ ವಿಶ್ವವಿದ್ಯಾಲಯದ ತಂಡದ ಮಾತು ಬಂದರೂ ಕ್ವಾರ್ಟರ್‌ಬ್ಯಾಕ್ ಮೆಕಾರ್ಥಿ, ಚೆಂಡು ಹಿಡಿದು ಓಡುವ ಕೋರಮ್, ಕೋಚ್ ಹಾರ್ಬಾ, ಅಷ್ಟಕ್ಕೇ ನಿಲ್ಲುತ್ತದೆ. ನನ್ನ ಪ್ರಕಾರ ಆ ತಂಡ ಅಂದ್ರೆ ಅದರ ಆಫೆನ್ಸಿವ್ ಲೈನ್, ಚೆಂಡು ಕೈಲಿದ್ದಾಗ ಮುಂದೆ ನಿಂತು ದಾರಿ ಬಿಡಿಸುವ ಆ ಐದು ಜನ. 2020ರಲ್ಲಿ ಇದೇ ತಂಡ ಎರಡು ಗೆದ್ದು ನಾಲ್ಕು ಸೋತಿತ್ತು. ಮರುವರ್ಷ ಶೆರೋನ್ ಮೂರ್ ಲೈನ್ ಕೋಚ್ ಆದರು. ಆ ನವೆಂಬರ್‌ನಲ್ಲಿ ಹಳೇ ಎದುರಾಳಿ ಒಹಾಯೊ ಸ್ಟೇಟ್ ಮೇಲೆ 42-27 ಗೆಲುವು. 297 ಯಾರ್ಡ್ ಬರೀ ಓಡಿಯೇ ಗಳಿಸಿದ್ದು, ಹಸನ್ ಹ್ಯಾಸ್ಕಿನ್ಸ್ ಒಬ್ಬನದೇ ಐದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸೋದು). ದೇಶದ ಅತ್ಯುತ್ತಮ ಲೈನ್‌ಗೆ ಕೊಡುವ ಜೋ ಮೂರ್ ಪ್ರಶಸ್ತಿ 2021ರಲ್ಲೂ ಬಂತು, 2022ರಲ್ಲೂ ಬಂತು. ಸತತ ಎರಡು ವರ್ಷ ಅದಕ್ಕೂ ಮೊದಲು ಯಾರಿಗೂ ಬಂದಿರಲಿಲ್ಲ. ಒಂದು ತಂಡದ ಗುರುತು ಏನು ಅಂತ ಕೇಳಿದರೆ ನಾನು ಹೇಳೋದು ಇಷ್ಟೇ: ಮುಂದೆ ಏನು ಆಡ್ತಾರೆ ಅಂತ ಎದುರಾಳಿಗೆ ಗೊತ್ತಿದ್ದರೂ ತಡೆಯೋಕೆ ಆಗದ ಆಟ ಯಾವುದೋ ಅದೇ.

ಕೊಲಂಬಸ್_ಕಿಟ್ಟಿ:
ಒಹಾಯೊದವನಾಗಿ ಹೇಳ್ತೀನಿ, 2021ರ ಆ ಆಟದಲ್ಲಿ ನಿಮ್ಮ ಲೈನ್ ನಮ್ಮನ್ನು ತಳ್ಳಿಕೊಂಡೇ ಹೋಯ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಆಟದಿಂದ ಸಿದ್ಧಾಂತ ಕಟ್ಟಬೇಡಿ ಗುರು. ಅದೇ ಸೀಸನ್‌ನ ಸೆಮಿಫೈನಲ್‌ನಲ್ಲಿ ಜಾರ್ಜಿಯಾ ನಿಮಗೆ 34-11 ಕೊಟ್ಟಿತಲ್ಲ? ಅದೇ ಪ್ರಶಸ್ತಿ ಗೆದ್ದ ಲೈನ್, ಅದೇ ಹ್ಯಾಸ್ಕಿನ್ಸ್. ಎದುರಿಗೆ ಜಾರ್ಡನ್ ಡೇವಿಸ್, ಟ್ರೇವಾನ್ ವಾಕರ್, ಡೆವಾಂಟೆ ವ್ಯಾಟ್ ಇದ್ದರು, ಮೂವರೂ ಮುಂದಿನ ಎನ್‌ಎಫ್‌ಎಲ್ (ವೃತ್ತಿಪರ ಲೀಗ್) ಡ್ರಾಫ್ಟ್‌ನ, ಅಂದ್ರೆ ಆಟಗಾರರ ಆಯ್ಕೆಯ, ಮೊದಲ ಸುತ್ತಿನಲ್ಲೇ ಹೋದರು. ತಮಗಿಂತ ಬಲಶಾಲಿಗಳು ಎದುರಿಗೆ ನಿಂತಾಗ ನಿಮ್ಮ ಈ ಗುರುತು ಎಲ್ಲಿ ಹೋಗಿತ್ತು?

ಸಂಖ್ಯೆ_ಸುಬ್ಬು:
ಕಿಟ್ಟಿ ಹೇಳಿದ್ದಕ್ಕೆ ಇನ್ನೊಂದು ಸೇರಿಸ್ತೀನಿ. 2022ರ ಸೆಮಿಫೈನಲ್, ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ಯೂನಿವರ್ಸಿಟಿ) ವಿರುದ್ಧ. ಚೆಂಡು ಸಿಕ್ಕ ಮೊದಲ ಸರದಿಯಲ್ಲೇ ಮಿಷಿಗನ್ ಓಟಗಾರ ಎಡ್ವರ್ಡ್ಸ್ ದೊಡ್ಡ ಓಟ ಓಡಿ ಗೋಲ್ ಹತ್ತಿರ ತಂದು ಬಿಟ್ಟ. ನಾಲ್ಕನೇ ಡೌನ್, ಅಂದ್ರೆ ಕೊನೆಯ ಪ್ರಯತ್ನ, ಎರಡು ಯಾರ್ಡ್ ಬಾಕಿ. ದೇಶದ ನಂಬರ್ ಒನ್ ಲೈನ್ ಮುಂದಿದೆ. ಆಗ ಏನು ಮಾಡಿದರು? ಟ್ರಿಕ್ ಪ್ಲೇ! ಲೈನ್ ಪಕ್ಕ ನಿಲ್ಲುವ ಟೈಟ್ ಎಂಡ್ ಕೈಗೆ ಚೆಂಡು ಹೋಯ್ತು, ಯಾರ್ಡ್ ಕಳೆದುಕೊಂಡರು, ಒಂದು ಪಾಯಿಂಟೂ ಸಿಗಲಿಲ್ಲ. ಕೊನೆಗೆ ಸೋತಿದ್ದು 51-45. ಆರು ಪಾಯಿಂಟ್ ವ್ಯತ್ಯಾಸ. ಎರಡು ಯಾರ್ಡ್‌ಗೆ ಸ್ವಂತ ಲೈನ್ ಮೇಲೆ ಕೋಚ್‌ಗೇ ನಂಬಿಕೆ ಇರಲಿಲ್ಲ ಅಂದ್ರೆ ನಾವು ಯಾಕೆ ಅದನ್ನೇ ತಂಡದ ಆತ್ಮ ಅಂತ ಕರೀಬೇಕು?

ಗಾರ್ಡ್_ಪುಲ್:
ಸುಬ್ಬು, ನೀವು ಕೊಟ್ಟ ಉದಾಹರಣೆ ನಮ್ಮ ವಾದಕ್ಕೇ ಬಲ ಕೊಡುತ್ತದೆ. ತಮಗೆ ಬರುವ ಆಟ ಬಿಟ್ಟ ಕ್ಷಣದಲ್ಲಿ ಕೆಟ್ಟರು, ಅಲ್ವಾ? ಪಾಠ ಕಲಿತರೋ ಇಲ್ಲವೋ ಅನ್ನೋದಕ್ಕೆ 2023ರ ಪೆನ್ ಸ್ಟೇಟ್ ಆಟ ನೋಡಿ. ಹಾರ್ಬಾ ಅಮಾನತ್ತಿನಲ್ಲಿದ್ದರು, ಸೈಡ್‌ಲೈನ್‌ನಲ್ಲಿ ಮೂರ್. ಪೆನ್ ಸ್ಟೇಟ್‌ಗೆ ಚಾಪ್ ರಾಬಿನ್ಸನ್ ಥರದ ಅಂಚಿನಿಂದ ನುಗ್ಗುವವರಿದ್ದರು. ಪಾಸ್ ಮಾಡೋಕೆ ಹೋದರೆ ಕ್ವಾರ್ಟರ್‌ಬ್ಯಾಕ್ ಕೆಳಗೆ ಬೀಳ್ತಾನೆ. ಹಾಗಾಗಿ ಪಾಸ್ ಮಾಡೋದನ್ನೇ ಬಿಟ್ಟರು. ಇಡೀ ಆಟದಲ್ಲಿ ಮೆಕಾರ್ಥಿ ಎಸೆದಿದ್ದು ಎಂಟೇ ಪಾಸ್, ಎರಡನೇ ಅರ್ಧದಲ್ಲಿ ಲೆಕ್ಕಕ್ಕೆ ಬಂದ ಪಾಸ್ ಒಂದೂ ಇಲ್ಲ, ಕೊನೆಯ 32 ಪ್ಲೇಯೂ ಸತತ ಓಟವೇ. ಎದುರಾಳಿಗೂ ಗೊತ್ತು, ಸ್ಟೇಡಿಯಂನಲ್ಲಿ ಕೂತ ಒಂದು ಲಕ್ಷಕ್ಕೂ ಜಾಸ್ತಿ ಜನಕ್ಕೂ ಗೊತ್ತು. 24-15, ಅದೂ ಅವರದೇ ಊರಿನಲ್ಲಿ.

ಹೊಸಬ_ದಾವಣಗೆರೆ:
ನಾನು ಅಮೆರಿಕಕ್ಕೆ ಬಂದು ಸ್ವಲ್ಪ ದಿನ ಆಯ್ತು, ಆಟ ಈಗ ಕಲೀತಾ ಇದ್ದೀನಿ. ಲೈನ್ ಆಟ ಅಂದ್ರೆ ನಿಜವಾಗಿ ಏನು ನೋಡಬೇಕು ಅಣ್ಣ? ನನಗೆ ಕಾಣೋದು ದಪ್ಪ ದಪ್ಪ ಜನ ಗುದ್ದಾಡ್ತಾ ಇರೋದಷ್ಟೇ.

ಗಾರ್ಡ್_ಪುಲ್:
ಒಳ್ಳೆಯ ಪ್ರಶ್ನೆ. ನಡುವೆ ಸೆಂಟರ್, ಅವನ ಎರಡೂ ಪಕ್ಕ ಗಾರ್ಡ್‌ಗಳು, ಅವರ ಆಚೆ ಟ್ಯಾಕಲ್‌ಗಳು. ಮಿಷಿಗನ್ ತುಂಬಾ ಆಡುತ್ತಿದ್ದ ಪವರ್ ಅನ್ನೋ ಆಟ ತಗೊಳ್ಳಿ. ಬಲಕ್ಕೆ ಓಡಬೇಕು ಅಂದ್ರೆ ಬಲಗಡೆ ನಿಂತವರು ಎದುರಿನವರನ್ನು ಒಳಕ್ಕೆ ಒತ್ತುತ್ತಾರೆ. ಎಡ ಗಾರ್ಡ್ ತನ್ನ ಜಾಗ ಬಿಟ್ಟು ಲೈನ್ ಹಿಂದಿನಿಂದ ಬಲಕ್ಕೆ ಓಡಿ, ತೆರೆದುಕೊಂಡ ಸಂದಿಯೊಳಗೆ ನುಗ್ಗಿ ಮೊದಲು ಸಿಕ್ಕ ಲೈನ್‌ಬ್ಯಾಕರ್‌ನನ್ನು, ಅಂದ್ರೆ ಎದುರಾಳಿ ಲೈನ್ ಹಿಂದೆ ನಿಂತ ರಕ್ಷಕನನ್ನು, ಹೊಡೆದು ಎತ್ತುತ್ತಾನೆ. ಓಟಗಾರ ಅವನ ಬೆನ್ನಿಗೇ ಬರ್ತಾನೆ. ಇನ್ನೊಂದು ಡಬಲ್ ಟೀಮ್. ಇಬ್ಬರು ಸೇರಿ ಒಬ್ಬ ಡಿಫೆನ್ಸಿವ್ ಟ್ಯಾಕಲ್‌ನನ್ನು (ಎದುರಾಳಿ ಲೈನ್‌ನ ನಡುವಿನವನನ್ನು) ಹಿಂದಕ್ಕೆ ತಳ್ಳುತ್ತಾರೆ, ಆಮೇಲೆ ಒಬ್ಬ ಕಳಚಿಕೊಂಡು ಹಿಂದಿನ ಲೈನ್‌ಬ್ಯಾಕರ್ ಕಡೆ ಹೋಗ್ತಾನೆ. ಬೇಗ ಬಿಟ್ಟರೆ ಆ ಟ್ಯಾಕಲ್ ತಪ್ಪಿಸಿಕೊಂಡು ಓಟಗಾರನ ಮೇಲೆ ಬೀಳ್ತಾನೆ. ತಡ ಮಾಡಿದರೆ ಲೈನ್‌ಬ್ಯಾಕರ್ ಬಂದು ಸಂದಿ ಮುಚ್ತಾನೆ. ಅರ್ಧ ಸೆಕೆಂಡಿನ ವಿಷಯ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಮಾಡಬೇಕು.

ಹೊಸಬ_ದಾವಣಗೆರೆ:
ಕಬಡ್ಡಿಯಲ್ಲಿ ಇಬ್ಬರು ಕೈ ಹಿಡಿದು ಚೈನ್ ಹಾಕ್ತಾರಲ್ಲ, ಮೊದಲು ಕೈ ಬಿಟ್ಟವನ ಕಡೆಯಿಂದಲೇ ರೇಡರ್ ಓಡಿ ಹೋಗೋದು, ಆ ಥರ ಅನ್ನಿ.

ಗಾರ್ಡ್_ಪುಲ್:
ಹೂಂ, ಸರಿಯಾಗಿ ಹಿಡಿದ್ರಿ.

ಸಂಖ್ಯೆ_ಸುಬ್ಬು:
ಇದೆಲ್ಲ ಸರಿ. ನನ್ನ ಆಕ್ಷೇಪ ಬೇರೆ. ಈ ಲೈನ್ ಮಿಷಿಗನ್‌ನಲ್ಲೇ ಬೆಳೆದಿದ್ದು, ಊರಿನ ಮಣ್ಣಿನ ಗುಣ ಅನ್ನೋ ಹಾಗೆ ಜನ ಮಾತಾಡ್ತಾರೆ. 2022ರಲ್ಲಿ ಔಟ್‌ಲ್ಯಾಂಡ್, ರಿಮಿಂಗ್ಟನ್ ಎರಡೂ ಪ್ರಶಸ್ತಿ ಗೆದ್ದ ಸೆಂಟರ್ ಒಲುವಾಟಿಮಿ ವರ್ಜೀನಿಯಾ ತಂಡದಿಂದ ಬಂದವನು. 2023ರ ಸೆಂಟರ್ ನ್ಯೂಜೆಂಟ್ ಸ್ಟ್ಯಾನ್‌ಫರ್ಡ್‌ನಿಂದ, ಎಡ ಟ್ಯಾಕಲ್ ಹೆಂಡರ್ಸನ್ ಅರಿಜೋನಾ ಸ್ಟೇಟ್‌ನಿಂದ. ಹೊರಗಿನಿಂದ ತಂದು ಜೋಡಿಸಿದ ಲೈನ್‌ಗೆ ಪರಂಪರೆ ಅಂತ ಹೆಸರು ಯಾಕೆ? ಇನ್ನೊಂದು ಮಾತು, 2023ರ ಜೋ ಮೂರ್ ಪ್ರಶಸ್ತಿ ವಾಷಿಂಗ್ಟನ್‌ಗೆ ಹೋಯ್ತು. ಅದೇ ವಾಷಿಂಗ್ಟನ್ ಫೈನಲ್‌ನಲ್ಲಿ ನಿಮ್ಮ ಕೈಲಿ 34-13 ಸೋತಿತು. ಅಂದ ಮೇಲೆ ಆ ಪ್ರಶಸ್ತಿಯನ್ನು ಸಾಕ್ಷಿ ಅಂತ ತರಬೇಡಿ.

ಬಿಗ್‌ಹೌಸ್_ಕನ್ನಡಿಗ:
ಪ್ರಶಸ್ತಿ ಬಿಡಿ, ಫೈನಲ್‌ನಲ್ಲಿ ಆಗಿದ್ದು ನೋಡಿ. ಮಿಷಿಗನ್ ಓಡಿಯೇ 303 ಯಾರ್ಡ್ ಗಳಿಸಿತು, ನಾಲ್ಕು ಟಚ್‌ಡೌನೂ ಓಟದ್ದೇ. ಆ ಕಡೆ ಪ್ರಶಸ್ತಿ ಗೆದ್ದ ಲೈನ್ ಹಿಂದೆ ನಿಂತ ಕ್ವಾರ್ಟರ್‌ಬ್ಯಾಕ್ ಪೆನಿಕ್ಸ್‌ಗೆ ಉಸಿರಾಡೋಕೂ ಸಮಯ ಸಿಗಲಿಲ್ಲ. ನಾನು ಲೈನ್ ಅಂದಾಗ ಚೆಂಡಿನ ಎರಡೂ ಬದಿಯ ಲೈನ್ ಸೇರಿಸಿಯೇ ಹೇಳೋದು. ಹೊರಗಿನವರ ಮಾತಿಗೆ ಬಂದರೆ, ಬಂದವರು ಯಾರ ಪಕ್ಕ ನಿಂತರು ಅನ್ನೋದೂ ಮುಖ್ಯ. ಗಾರ್ಡ್‌ಗಳಾದ ಝಿಂಟರ್, ಕೀಗನ್ 2023ಕ್ಕೂ ಉಳಿದರು, ಬೇಕಿದ್ದರೆ ಮೊದಲೇ ಎನ್‌ಎಫ್‌ಎಲ್‌ಗೆ ಹೋಗಬಹುದಿತ್ತು. ಹೊಸಬರು ಬಂದು ಸೇರಿದ್ದು ಆ ಇಬ್ಬರ ನಡುವಿನ ಜಾಗಕ್ಕೆ, ಪಕ್ಕದ ಜಾಗಕ್ಕೆ. ಆ ವರ್ಷದ ಒಹಾಯೊ ಆಟದಲ್ಲಿ 17-17 ಇದ್ದಾಗ ಝಿಂಟರ್ ಕಾಲು ಮುರಿಯಿತು. ಅವನನ್ನು ಗಾಡಿಯಲ್ಲಿ ಹೊರಗೆ ಒಯ್ದರು. ಬಾರ್ನ್‌ಹಾರ್ಟ್ ಬಲ ಟ್ಯಾಕಲ್‌ನಿಂದ ಗಾರ್ಡ್‌ಗೆ ಸರಿದ, ಟ್ರೆಂಟೆ ಜೋನ್ಸ್ ಟ್ಯಾಕಲ್‌ಗೆ ಬಂದ. ಮುಂದಿನ ಪ್ಲೇನಲ್ಲೇ ಕೋರಮ್ 22 ಯಾರ್ಡ್ ಓಡಿ ಟಚ್‌ಡೌನ್, ಬೆರಳಲ್ಲಿ ಝಿಂಟರ್‌ನ 65 ನಂಬರ್ ತೋರಿಸಿದ. ಒಬ್ಬ ಮುಖ್ಯ ಆಟಗಾರ ಹೋದ ಮರುಕ್ಷಣ ಅದೇ ಆಟ ಅದೇ ರೀತಿ ನಡೀತು ಅಂದ್ರೆ ಅದು ಒಬ್ಬಿಬ್ಬರ ಪ್ರತಿಭೆ ಅಲ್ಲ, ವರ್ಷಗಟ್ಟಲೆ ಮೈಗೂಡಿಸಿಕೊಂಡಿದ್ದು.

ಕೊಲಂಬಸ್_ಕಿಟ್ಟಿ:
ಆ ಓಟ ನನಗೂ ಮರೆಯೋಕೆ ಆಗಲ್ಲ. ಆದರೆ 2024ಕ್ಕೆ ಬನ್ನಿ. ನಿಮ್ಮ ಆ ಆರೂ ಜನ ಲೈನ್‌ಮೆನ್ ಹೋದರು, ಮೆಕಾರ್ಥಿ ಹೋದ, ಹಾರ್ಬಾ ಹೋದರು. ಕೋಚ್ ಮೂರ್ ಅದೇ ಆಟ ಆಡಿಸಿದರು, ಎಂಟು ಗೆಲುವು, ಐದು ಸೋಲು. ಐಡೆಂಟಿಟಿ ಅಂತ ಒಂದೇ ಆಟಕ್ಕೆ ಅಂಟಿಕೊಂಡರೆ ಆಗೋದು ಇದೇ. ಅದೇ ವರ್ಷದ ನಮ್ಮ ಒಹಾಯೊ ಸ್ಟೇಟ್ ನೋಡಿ. ಅಕ್ಟೋಬರ್‌ನಲ್ಲಿ ಎಡ ಟ್ಯಾಕಲ್ ಸಿಮನ್ಸ್ ಗಾಯಗೊಂಡ, ನವೆಂಬರ್‌ನಲ್ಲಿ ಸೆಂಟರ್ ಮೆಕ್‌ಲಾಫ್ಲಿನ್ ಕೂಡ ಹೋದ. ಗಾರ್ಡ್ ಆಗಿದ್ದ ಡಾನವನ್ ಜಾಕ್ಸನ್‌ನನ್ನು ಎಡ ಟ್ಯಾಕಲ್‌ಗೆ ಹಾಕಿದರು. ಸೀಸನ್ ಮಧ್ಯೆ ಗಾರ್ಡ್‌ನನ್ನು ಟ್ಯಾಕಲ್ ಮಾಡೋದು ಸಣ್ಣ ಮಾತಲ್ಲ. ಗಾರ್ಡ್‌ಗೆ ಎರಡೂ ಪಕ್ಕ ಆಸರೆ ಇರುತ್ತದೆ, ಟ್ಯಾಕಲ್ ಹೊರಗಡೆ ಒಬ್ಬನೇ, ಎದುರಿಗೆ ದೇಶದ ಅತಿ ವೇಗದವರು. ಅವನು ನಿಭಾಯಿಸಿದ, ನಾವು ಚಾಂಪಿಯನ್ ಆದೆವು.

ಗಾರ್ಡ್_ಪುಲ್:
ಆದರೆ ಕಿಟ್ಟಿ ಅವರೇ, ಆ ಎಂಟು-ಐದರ ತಂಡವೇ ನಿಮ್ಮ ಊರಿಗೆ ಬಂದು ಆ ವರ್ಷದ ಚಾಂಪಿಯನ್‌ನನ್ನು 13-10 ಸೋಲಿಸಿತು. ನಮ್ಮ ಪಾಸಿಂಗ್ ಬರೀ 62 ಯಾರ್ಡ್! ಮೇಸನ್ ಗ್ರಹಾಂ, ಕೆನೆತ್ ಗ್ರ್ಯಾಂಟ್ ನಡುವೆ ನಿಂತು ನಿಮ್ಮ ಓಟವನ್ನು 77 ಯಾರ್ಡ್‌ಗೆ ಕಟ್ಟಿಹಾಕಿದರು. ಜೆರೆಮಯಾ ಸ್ಮಿತ್ ಥರದ ರಿಸೀವರ್ (ಎಸೆದ ಚೆಂಡು ಹಿಡಿಯುವವನು) ಇಟ್ಟುಕೊಂಡು ನೀವು ಮತ್ತೆ ಮತ್ತೆ ಆ ಇಬ್ಬರ ಮೇಲೆಯೇ ಓಡಿದ್ರಿ.

ಕೊಲಂಬಸ್_ಕಿಟ್ಟಿ:
ಅದೇ ನಾನು ಹೇಳ್ತಾ ಇರೋದು! ಅವತ್ತು ನಮ್ಮ ಕೋಚ್ ಗಟ್ಟಿತನ ತೋರಿಸೋಕೆ ಹೋಗಿ ನಿಮ್ಮ ಆಟ ಆಡಿದರು. ಮೂರು ವರ್ಷ ಮೆತ್ತಗಿನವರು ಅಂತ ಕೇಳಿ ಕೇಳಿ ಹಾಗಾಯ್ತು ಅಂತ ನನ್ನ ಅನಿಸಿಕೆ. ಪ್ಲೇಆಫ್‌ನಲ್ಲಿ (ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಸುತ್ತುಗಳಲ್ಲಿ) ಆ ಹಟ ಬಿಟ್ಟು ರಿಸೀವರ್‌ಗಳಿಗೆ ಎಸೆದರು, ಟೆನೆಸಿ 42-17, ಆರೆಗನ್ 41-21. ನಮ್ಮ ಗುರುತು ಹೊರಗಡೆ ಓಡುವ ರಿಸೀವರ್‌ಗಳು, ಲೈನ್ ಅವರಿಗೆ ಸಮಯ ಕೊಟ್ಟರೆ ಸಾಕು.

ಸಂಖ್ಯೆ_ಸುಬ್ಬು:
ಹಾಗಾದ್ರೆ ಇಬ್ಬರೂ ಒಂದೇ ಕಡೆ ಬಂದ್ರಿ. ಸಮಯ ಕೊಡೋದೂ ಲೈನೇ ಅಲ್ವಾ.

ಕೊಲಂಬಸ್_ಕಿಟ್ಟಿ:
ಲೈನ್ ಬೇಡ ಅಂತ ನಾನು ಎಲ್ಲೂ ಹೇಳಿಲ್ಲ. ತಂಡ ಲೈನ್‌ಗೋಸ್ಕರ ಆಡಬಾರದು ಅಂತ ಹೇಳಿದ್ದು.

ಹೊಸಬ_ದಾವಣಗೆರೆ:
ಒಂದು ಹಳೇ ಆಟ ಪೂರ್ತಿ ನೋಡಬೇಕು ಅಂದ್ರೆ ಯಾವುದು ನೋಡಲಿ?

ಬಿಗ್‌ಹೌಸ್_ಕನ್ನಡಿಗ:
2023ರ ಪೆನ್ ಸ್ಟೇಟ್, ಎರಡನೇ ಅರ್ಧ. ಚೆಂಡು ಎಲ್ಲಿದೆ ಅಂತ ಹುಡುಕಬೇಡಿ, ಸ್ನ್ಯಾಪ್ ಆದ ತಕ್ಷಣ, ಅಂದ್ರೆ ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಟ್ಟ ತಕ್ಷಣ, ಗಾರ್ಡ್‌ಗಳನ್ನು ನೋಡಿ. ಯಾರು ಜಾಗ ಬಿಟ್ಟು ಓಡ್ತಾನೋ ಆ ಕಡೆಗೇ ಕೋರಮ್ ಬರ್ತಾನೆ.

ಕೊಲಂಬಸ್_ಕಿಟ್ಟಿ:
ಅದು ಮುಗಿದ ಮೇಲೆ 2024ರ ಟೆನೆಸಿ ಪ್ಲೇಆಫ್ ಆಟ ಹಾಕಿ. ಎಡ ಅಂಚಿನಲ್ಲಿ 74 ನಂಬರ್, ಜಾಕ್ಸನ್. ಪ್ರತಿ ಪಾಸ್‌ನಲ್ಲೂ ಅವನ ಕಾಲು ಹೇಗೆ ಹಿಂದಕ್ಕೆ ಸರಿಯುತ್ತದೆ ನೋಡಿ, ಆಮೇಲೆ ಬಂದು ಹೇಳಿ ಯಾವ ಲೈನ್ ಇಷ್ಟವಾಯ್ತು ಅಂತ.